ಗಂಜಿ ಹಚ್ಚಿದ ಬೆಲ್ಟು

ಇವತ್ತು ಬೆಳಿಗ್ಗೆ ಕಾರು ಕೂಗಿತು. ಕೀಲಿ ತಿರುಗಿಸಿದ ಕೂಡಲೇ ಮುಂದಿನಿಂದ ಕುಯ್ಯೋ ಎಂದು ಒಂದು ರಾಗ ಎದ್ದು, ಸ್ವಲ್ಪ ಹೊತ್ತು ಎಳೆದು, ತಾನಾಗಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಈ ಕೂಗನ್ನು ನಾನು ಮೊದಲು ಕೇಳಿದ್ದು ಎದುರುಮನೆಯ ದೊಡ್ಡಮ್ಮನ ಕಾಲದಲ್ಲಿ, ಇದೇ ಕಾರಿನಿಂದ.

ದೊಡ್ಡಮ್ಮ ಹೋಗಿ ವರ್ಷವಾಗುತ್ತ ಬಂತು. ಹೋದದ್ದು ಕಾರಿನಿಂದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅವರು ಕಾರು ಓಡಿಸುವುದನ್ನು ಕಂಡವರೆಲ್ಲ ಹಾಗೆಂದೇ ತಿಳಿಯುತ್ತಾರೆ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ಅಷ್ಟೆ. "ಮೊಸರನ್ನ ಉಂಡು ಮಲಗ್ದಂಗೆ ಓಗ್ಬೇಕು ಲೇ" ಎನ್ನುತ್ತಿದ್ದರು. ಹಾಗೆಯೇ ಹೋದರು. ಹೇಳಿದ್ದನ್ನು ಮಾಡದೆ ಬಿಡುವ ಜಾತಿಯೇ ಅಲ್ಲ ಅವರದು.

ನಾನು ಕೊಳ್ಳೇಗಾಲದಿಂದ ಸೇಲಂಗೆ ಮದುವೆಯಾಗಿ ಬಂದವಳು. ನಮ್ಮ ಬೀದಿ ನೇಕಾರರ ಬೀದಿ. ಈಗ ಮಗ್ಗಗಳು ಕಡಿಮೆಯಾಗಿವೆ, ಮನೆಗೊಬ್ಬರು ಆಫೀಸು ಹಿಡಿದಿದ್ದಾರೆ, ಆದರೂ ವಾರದಲ್ಲಿ ಕೆಲವು ಬೆಳಗು ಬೀದಿಯುದ್ದಕ್ಕೂ ಹಾಸು, ಅಂದರೆ ಸೀರೆಯ ಉದ್ದದ ನೂಲು, ಚಾಚಿ ಗಂಜಿ ಹಚ್ಚುತ್ತಾರೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಜಗಳಕ್ಕೆ ಎರಡೂ. ಹಕಾರ ಕಂಡರೆ ಪಕ್ಕಕ್ಕೆ ಸರಿಸಿ ಮಾತಾಡುತ್ತಾರೆ. ಬಂದ ಹೊಸತರಲ್ಲಿ ನನಗೆ ಇಲ್ಲಿ ಯಾರೂ ಇರಲಿಲ್ಲ. ಎದುರುಮನೆಯ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ ಹೆಂಗಸೊಬ್ಬರು, "ಯಾವೂರು ಲೇ ನೀನು?" ಎಂದು ಕೇಳಿದರು. ಹೇಳಿದೆ. ಅವತ್ತಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ. ನಾನು ಕೊನೆಯವರೆಗೂ ಅವರಿಗೆ "ಲೇ ಕೊಳ್ಳೇಗಾಲ."

ಬೀದಿಗೆಲ್ಲ ಅವರು ದೊಡ್ಡಮ್ಮ. ಸರ್ಕಾರಿ ಆಫೀಸೊಂದರಲ್ಲಿ ಟೈಪಿಸ್ಟಾಗಿ ಸೇರಿ ಮೇಲಿನ ಕುರ್ಚಿಯವರೆಗೆ ಹತ್ತಿ ರಿಟೈರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಅಮ್ಮ ಬೇಗ ತೀರಿಕೊಂಡಾಗ ತಮ್ಮ ಇನ್ನೂ ಚಿಕ್ಕವನು, ಅವನನ್ನು ಸಾಕಿ, ಓದಿಸಿ, ಕಾರಿಮಂಗಲದಲ್ಲಿ ಬಟ್ಟೆ ಅಂಗಡಿ ಹಾಕಿಸಿ, ಮದುವೆ ಮಾಡಿಸುವಷ್ಟರಲ್ಲಿ ತನ್ನ ಮದುವೆಯ ವಿಷಯ ಮರೆತೇಹೋಯಿತು ಎನ್ನುತ್ತಿದ್ದರು. ಕೊರಗಿಲ್ಲ. "ಗಂಡ ಬಂದಿದ್ರೆ ವಂಡಿ ಬತ್ತಿತ್ತಾ?" ಎಂದು ನಗುತ್ತಿದ್ದರು. ವಂಡಿ ಎಂದರೆ ಕಾರು. ರಿಟೈರಾದ ಮರುವಾರವೇ ಡ್ರೈವಿಂಗ್ ಕಲಿಯಲು ಸೇರಿ, ಕಲಿಸುವವನಿಗೆ ಬೆವರಿಳಿಸಿ, ಲೈಸೆನ್ಸ್ ಬಂದ ಮೇಲೆ ಈ ಬೆಳ್ಳಿ ಬಣ್ಣದ ಹಳೇ ಕಾರನ್ನು ಮನೆಗೆ ತಂದರು.

ಅವರ ಕಾರಿನಲ್ಲಿ ಕೂರುವುದು ಒಂದು ಅನುಭವ. ರಸ್ತೆಯ ಮೇಲಿನ ಎಲ್ಲರ ಜೊತೆಗೂ ಮಾತು. ಹಿಂದಿನಿಂದ ಲಾರಿ ಹಾರನ್ ಹೊಡೆದರೆ, "ಓಗಣ್ಣ, ನಿಂಗೆ ಅವಸರ, ಎಂಡ್ತಿ ಕಾಯ್ತಿರ್ತಾಳೆ" ಎಂದು ಕನ್ನಡದಲ್ಲೇ ದಾರಿ ಬಿಡುತ್ತಿದ್ದರು. ಎಮ್ಮೆ ಅಡ್ಡ ಬಂದರೆ ತಮಿಳಿನಲ್ಲಿ ಬಯ್ಯುತ್ತಿದ್ದರು. ಎಮ್ಮೆಗೆ ಕನ್ನಡ ತಿಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಬೀದಿಯಲ್ಲಿ ಹಾಸು ಚಾಚಿದ್ದರೆ ಮಾತ್ರ ಕಾರಿಗೆ ಕೈ ಹಚ್ಚುತ್ತಿರಲಿಲ್ಲ. ಎಂಥ ಅವಸರವಿದ್ದರೂ ನೂಲು ಒಣಗಿ ಸುತ್ತುವವರೆಗೆ ಜಗುಲಿಯ ಮೇಲೆ ಕಾಯುತ್ತಿದ್ದರು. "ನೂಲಿನ ಮೇಲೆ ಚಕ್ರ ಅತ್ತಬಾರ್ದು" ಎಂದರೆ ಮುಗಿಯಿತು.

ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ, ಅದರ ತುಂಬ ಬೂದಿ. ಕಾರು ಹತ್ತಿದವರೆಲ್ಲ ಯಾವುದೋ ದೇವಸ್ಥಾನದ ವಿಭೂತಿಯೆಂದು ತಿಳಿದು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ದೊಡ್ಡಮ್ಮ ಸುಮ್ಮನೆ ನೋಡುತ್ತಿದ್ದರು. ಅದು ಒಲೆಯ ಬೂದಿ. ಅವರ ಅಮ್ಮ ಹಾಸು ಕೆಚ್ಚುವವರು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ, ಉಳಿದ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತಲೆಯನ್ನು ಬೆರಳಲ್ಲಿ ಹೊಸೆದು ಕೂಡಿಸುವ ಕೆಲಸ ಅದು, ಸಾವಿರಾರು ಎಳೆ, ಒಂದೊಂದಾಗಿ. ಹೊಸೆಯುವಾಗ ಬೆರಳು ಜಾರದಿರಲೆಂದು ಬೂದಿ ಮುಟ್ಟಿಕೊಳ್ಳುತ್ತಾರೆ. ದೊಡ್ಡಮ್ಮ ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಅಮ್ಮನ ಪಕ್ಕ ಕೂತು ಇದನ್ನೇ ಮಾಡಿ ಬೆಳೆದವರು. ಆ ಅಭ್ಯಾಸ ಹೋಗಲೇ ಇಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಬೂದಿ, ಫೈಲು ತಿರುವಲು ಬೂದಿ, ಸ್ಟೀರಿಂಗ್ ಹಿಡಿಯಲು ಬೂದಿ. ಅವರ ತಮ್ಮ, ನಾನು ಮಾಮ ಎನ್ನುವವರು, ಪ್ರತಿ ಸಲ ಆ ಬೂದಿಯನ್ನು ಹಣೆಯ ಉದ್ದಕ್ಕೂ ಬಳಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ದೊಡ್ಡಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು.

ಮಾಮನಿಗೆ ಈ ಕಾರು ಕಂಡರೆ ಆಗುತ್ತಿರಲಿಲ್ಲ. ಅಕ್ಕನ ಮೇಲಿನ ಭಯಭಕ್ತಿ ಎಷ್ಟೋ ಅಕ್ಕನ ಬಗೆಗಿನ ದಿಗಿಲೂ ಅಷ್ಟೇ. ಒಮ್ಮೆ ಓಮಲೂರಿನ ಹತ್ತಿರ ಬ್ಯಾಟರಿ ಕೈಕೊಟ್ಟಿತು. ಇನ್ನೊಮ್ಮೆ ತೊಪ್ಪೂರು ಘಾಟಿಯ ಏರಿನಲ್ಲಿ ಎಂಜಿನ್ ಕಾದು ಹೊಗೆ ಬಂತು. ಲಾರಿಗಳು ಸಾಲುಗಟ್ಟುವ ಆ ತಿರುವಿನಲ್ಲಿ ದೊಡ್ಡಮ್ಮ ಛತ್ರಿ ಬಿಡಿಸಿಕೊಂಡು ಕಲ್ಲಿನ ಮೇಲೆ ಕೂತಿದ್ದನ್ನು ಮಾಮ ಬಂದು ನೋಡಿ, ಅಲ್ಲೇ ರಸ್ತೆಯ ಮೇಲೆ ಅತ್ತುಬಿಟ್ಟರಂತೆ. ಆಮೇಲೆ ಕಾರು ಮಾರುವ ಮಾತು ಶುರುವಾಯಿತು. ಕೊಳ್ಳುವವರನ್ನೂ ಹುಡುಕಿದರು.

ಕೊನೆಗೆ ಅಕ್ಕ ತಮ್ಮನ ನಡುವೆ ಒಂದು ಒಪ್ಪಂದವಾಯಿತು. ನನ್ನೆದುರಿಗೇ ಆಯಿತು, ನಾನು ಕಾಫಿ ಕೊಡಲು ಹೋಗಿದ್ದೆ. ಕಾರಿಮಂಗಲದಲ್ಲಿ ಮಾಮ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶ, ಮುಂದಿನ ಭಾನುವಾರ.

"ಬಸ್ಸಲ್ಲಿ ಬಾ ಅಕ್ಕ, ಇಲ್ಲಾಂದ್ರೆ ನಾನೇ ಬಂದು ಕರ್ಕಂಡು ಓಗ್ತೀನಿ."

"ನನ್ ವಂಡಿ ಐತೆ. ಅದ್ರಲ್ಲೇ ಬತ್ತೀನಿ."

"ಸರಿ. ದಾರೀಲಿ ನಿಲ್ದಂಗೆ, ಯಾರ್ನೂ ಕರೀದಂಗೆ ಬಂದು ಸೇರಿದ್ರೆ, ಇನ್ಮೇಲೆ ಮಾರೋ ಮಾತೇ ಎತ್ತಲ್ಲ. ಎಲ್ಲಾದ್ರೂ ನಿಂತ್ರೆ, ಇಲ್ಲಾ ಅದಕ್ಕೆ ಮುಂಚೆ ಮೆಕ್ಯಾನಿಕ್‌ಗೆ ಕೊಟ್ರೂ, ಸೋಮವಾರ ಕೀಲಿ ನಂಗೆ ಕೊಡ್ಬೇಕು. ಅಮ್ಮನ ಮೇಲೆ ಆಣೆ?"

"ಅಮ್ಮನ ಮೇಲೆ ಆಣೆ" ಎಂದರು ದೊಡ್ಡಮ್ಮ, ಕಾಫಿ ಲೋಟದಿಂದ ಕಣ್ಣೆತ್ತದೆ.

ಮಾಮ ಹೋದ ಮೇಲೆ ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು. "ಲೇ ಕೊಳ್ಳೇಗಾಲ, ಆ ವಂಡಿ ಇಲ್ದಿದ್ರೆ ನಾನು ಇದೇ ಜಗಲಿ ಮೇಲೆ ಕೂತು ಓಗೋರ್‍ನ ಬರೋರ್‍ನ ನೋಡೋ ಮುದ್ಕಿ ಆಗ್ಬಿಡ್ತೀನಿ." ನಗುತ್ತಲೇ ಅಂದರು, ಆದರೆ ನಗು ಕಣ್ಣಿಗೆ ಬರಲಿಲ್ಲ. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದೇವರ ಆಟ ನೋಡಿ. ಮರುದಿನವೇ ಕಾರು ಕೂಗತೊಡಗಿತು.

ನಾನು ಫೋನಿನಲ್ಲಿ ಹುಡುಕಿದೆ. ಎಂಜಿನ್ನಿನ ಪಕ್ಕದಲ್ಲಿ ಒಂದು ಉದ್ದದ ರಬ್ಬರ್ ಬೆಲ್ಟು ಹಲವಾರು ಚಕ್ರಗಳನ್ನು ಸುತ್ತಿ ಹಾವಿನಂತೆ ಹರಿಯುತ್ತದೆ. ಬ್ಯಾಟರಿಗೆ ಚಾರ್ಜು ಮಾಡುವುದು, ನೀರು ತಿರುಗಿಸಿ ಎಂಜಿನ್ ತಣ್ಣಗಿಡುವುದು, ಸ್ಟೀರಿಂಗ್ ಹಗುರ ಮಾಡುವುದು, ಎಲ್ಲ ಅದೊಂದರಿಂದಲೇ. ಅದು ಒಣಗಿ ಜಾರಿದರೆ ಕೂಗುತ್ತದೆ. ಹರಿದರೆ ಕಾರು ನಿಂತೇಹೋಗುತ್ತದೆ. ಇಷ್ಟನ್ನು ನಾನು ಓದಿ ಹೇಳಿ ಆಫೀಸಿಗೆ ಹೋದೆ. ಸಂಜೆ ಬಂದರೆ ದೊಡ್ಡಮ್ಮನ ಮುಖ ಅರಳಿತ್ತು.

"ಕೂಗು ನಿಲ್ಸ್‌ಬಿಟ್ಟೆ."

"ಹೇಗೆ ದೊಡ್ಡಮ್ಮ?"

"ಒಣಗೈತೆ ಅಂದ್ಯಲ್ಲ? ಗಂಜಿ ಅಚ್ಚಿದೆ."

ನೂಲು ಒಣಗಿ ಹರಿಯುವಂತಿದ್ದರೆ ಗಂಜಿ ಹಚ್ಚಿ ಗಟ್ಟಿ ಮಾಡುವುದು ನಮ್ಮ ಬೀದಿಯಲ್ಲಿ ಮಕ್ಕಳಿಗೂ ಗೊತ್ತಿರುವ ವಿದ್ಯೆ. ದೊಡ್ಡಮ್ಮ ಅದನ್ನೇ ಮಾಡಿದ್ದರು. ಅಕ್ಕಿ ಗಂಜಿಯನ್ನು ಹದವಾಗಿ ಕಾಯಿಸಿ, ಹಾಸಿನ ನೂಲಿಗೆ ಹಚ್ಚುವ ಕುಂಚದಿಂದಲೇ ಬೆಲ್ಟಿಗೆ ಬಳಿದು, ಬಿಸಿಲಿಗೆ ಬಾನೆಟ್ ತೆರೆದಿಟ್ಟು ಒಣಗಿಸಿದ್ದರು. ಕೂಗು ನಿಂತದ್ದೂ ನಿಜ. ಎರಡು ದಿನ ಕಾರು ಮೌನವಾಗಿತ್ತು. ಮೂರನೆಯ ದಿನ ಒಳಗಿನಿಂದ ಅನ್ನ ಸೀದ ವಾಸನೆ ಬಂತು, ಇರುವೆ ಸಾಲು ಹತ್ತಿತು, ಆಮೇಲೆ ಎದ್ದ ಕೂಗಿಗೆ ಮೊದಲಿನದು ಜೋಗುಳ ಅನಿಸಿತು. ಟಾರ್ಚು ಹಾಕಿ ನೋಡಿದರೆ ಬೆಲ್ಟಿನ ಮೈಯೆಲ್ಲ ಗಂಜಿಯ ಪೊರೆ, ಅದರ ಕೆಳಗೆ ಅಡ್ಡಡ್ಡ ಬಿರುಕು. ಅವತ್ತು ಶುಕ್ರವಾರ.

ಮೆಕ್ಯಾನಿಕ್‌ಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಆದರೆ ಬೀದಿ ಮೂಲೆಯ ಮೆಕ್ಯಾನಿಕ್ ಮಾಮನ ಜೊತೆ ಓದಿದವನು. ಈ ಕಾರಿನ ಚಕ್ರಕ್ಕೆ ಗಾಳಿ ಹಾಕಿದರೂ ಕಾರಿಮಂಗಲಕ್ಕೆ ಸುದ್ದಿ ಹೋಗುತ್ತಿತ್ತು. ಬೇರೆ ಮೆಕ್ಯಾನಿಕ್ ಹತ್ತಿರ ಹೋಗೋಣವೆಂದರೆ ಅವನು ಇವನ ಭಾಮೈದ.

"ಮನೇಲೇ ಆಕೋಣ" ಎಂದರು ದೊಡ್ಡಮ್ಮ. "ಸಾವಿರ ಎಳೆ ಕೂಡ್ಸಿರೋ ಕೈ ಇದು. ಒಂದು ಬೆಲ್ಟು ಕೂಡ್ಸಕ್ಕಾಗಲ್ವಾ?"

ಶನಿವಾರ ಬೆಳಿಗ್ಗೆ ಅವರೇ ಬಸ್ಸಿನಲ್ಲಿ ಹೋಗಿ ಹೊಸ ಬೆಲ್ಟು ತಂದರು. ಬಾನೆಟ್ ಎತ್ತಿದೆವು. ನಾನು ಫೋನಿನಲ್ಲಿ ವಿಡಿಯೋ ಹಾಕಿಕೊಂಡೆ. ಅದರಲ್ಲಿ ಒಬ್ಬ, ಹಳೆಯದನ್ನು ತೆಗೆಯುವ ಮುಂಚೆ ಅದು ಸುತ್ತಿರುವ ದಾರಿಯ ಚಿತ್ರ ಬರೆದುಕೊಳ್ಳಿ ಎಂದು ಒತ್ತಿ ಒತ್ತಿ ಹೇಳುತ್ತಿದ್ದ. ದೊಡ್ಡಮ್ಮನಿಗೆ ಅದು ತೀರಾ ದಡ್ಡತನವಾಗಿ ಕಂಡಿತು.

"ಚಿತ್ರ ಯಾಕೆ ಲೇ? ಅಳೇದು ಅಲ್ಲೇ ಇರೋವಾಗ ಒಸದು ದಾರಿ ಯಾಕೆ ತಪ್ಪುತ್ತೆ? ಅಳೇದನ್ನ ಕುಯ್ಯೋದು, ಅದರ ತುದಿಗೆ ಒಸದ್ರ ತಲೆ ಕಟ್ಟೋದು, ಎಳೆಯೋದು. ಅಳೇದು ಈಚೆಗೆ ಬತ್ತದೆ, ಒಸದು ಒಳಗೆ ಓಗ್ತದೆ. ಅಮ್ಮ ಮಾಡ್ತಿದ್ದದ್ದು ಇನ್ನೇನು?"

ಕೇಳಿದರೆ ಸರಿಯೆನಿಸಿತು. ನಾನೂ ನೇಕಾರರ ಮನೆಯವಳೇ ತಾನೆ. ಹಾಸು ಬದಲಿಸುವಾಗ ಹಳೆಯ ನೂಲನ್ನು ಮಗ್ಗದಿಂದ ಪೂರ್ತಿ ಕೀಳುವುದಿಲ್ಲ, ಮಗ್ಗ ಬರಿದಾಗಲು ಬಿಡುವುದಿಲ್ಲ, ಹಳೆಯದೇ ಹೊಸದಕ್ಕೆ ದಾರಿ ತೋರುತ್ತದೆ. ವಿಡಿಯೋ ನಿಲ್ಲಿಸಿಬಿಟ್ಟೆ.

ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಸ್ಪ್ರಿಂಗಿನ ಚಕ್ರವೊಂದಿದೆ. ದೊಡ್ಡಮ್ಮ ಬೂದಿ ಮುಟ್ಟಿಕೊಂಡು, ಸ್ಪ್ಯಾನರಿಗೆ ನಲ್ಲಿ ಪೈಪಿನ ತುಂಡು ತೂರಿಸಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಚಕ್ರ ಸರಿಯಿತು, ಬೆಲ್ಟು ಸಡಿಲವಾಯಿತು. ದೊಡ್ಡ ಕತ್ತರಿಯಿಂದ ಕತ್ತರಿಸಿಯೇಬಿಟ್ಟರು. "ಎರಡೂ ತುದಿ ಇಡ್ಕೋ, ಬಿಡ್ಬೇಡ" ಎಂದರು. ನಾನು ಎರಡು ಕೈಯಲ್ಲಿ ಎರಡು ತುದಿ ಹಿಡಿದು, ಹಲ್ಲಿಯ ಬಾಲ ಹಿಡಿದವಳಂತೆ ಬಗ್ಗಿ ನಿಂತೆ. ಅವರು ಹೊಸ ಬೆಲ್ಟಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿ ಹರಿದರು.

ತಿರುಗಿ ನೋಡಿದೆ. ದೊಡ್ಡಮ್ಮ ಬೆಲ್ಟನ್ನು ಕೈಯಿಂದ ಕೈಗೆ ಜರುಗಿಸುತ್ತಿದ್ದರು. ಒಂದು ಸುತ್ತು ಮುಗಿಯಿತು, ಎರಡನೆಯ ಸುತ್ತಿಗೆ ಹೊರಟರು.

"ಲೇ, ಇದರ ತಲೆ ಎಲ್ಲೈತೆ?"

"ತಲೆ ಇಲ್ಲ ದೊಡ್ಡಮ್ಮ. ಅದು ಬಳೆ ಇದ್ದಂಗೆ."

"ಬಾಲ?"

"ಅದೂ ಇಲ್ಲ."

ಇಬ್ಬರೂ ಹಳೆಯ ಬೆಲ್ಟಿನ ಕಡೆ ನೋಡಿದೆವು. ಅದಕ್ಕೆ ಮಾತ್ರ ಈಗ ತಲೆಯೂ ಇತ್ತು, ಬಾಲವೂ ಇತ್ತು. ನಾವೇ ಕೊಟ್ಟದ್ದು.

ದೊಡ್ಡಮ್ಮ ಜಗುಲಿಯ ಮೇಲೆ ಕೂತರು. ಆಗಲೂ ಅವರ ಹೆಬ್ಬೆರಳು ಹೊಸ ಬೆಲ್ಟಿನ ಮೇಲೆ ಓಡುತ್ತಲೇ ಇತ್ತು. "ಕಡವುಳೇ, ದೇವ್ರೇ, ಇದನ್ನ ಯಾರು ಕೂಡ್ಸಿದ್ದು? ಗಂಟೇ ಸಿಗಲ್ಲ" ಎಂದು ಮೆಚ್ಚುಗೆಯಿಂದ ಹೇಳಿದರು. ನನಗೆ ಅಳು ಬರುವಂತಾಗಿತ್ತು. ನಾಳೆ ಬೆಳಿಗ್ಗೆ ಹೊರಡಬೇಕು, ಕಾರು ಈಗ ಇದ್ದಲ್ಲಿಂದ ಕದಲುವುದಿಲ್ಲ, ದಾರಿಯ ಚಿತ್ರವಿಲ್ಲ, ಮೆಕ್ಯಾನಿಕ್‌ನನ್ನು ಕರೆದರೆ ಸೋಮವಾರ ಕೀಲಿ ಹೋಗುತ್ತದೆ.

ಕರೆಯುವುದೇ ಬೇಡವೆಂಬಂತೆ ಅವನೇ ಬಂದ. ಸ್ಕೂಟರ್ ನಿಲ್ಲಿಸಿ, "ಎನ್ನಾ ದೊಡ್ಡಮ್ಮ, ವಂಡಿಗೆ ಏನಾಯ್ತು?" ಎಂದ. ದೊಡ್ಡಮ್ಮ ಹೊಸ ಬೆಲ್ಟನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ತುದಿಗಳನ್ನು ಬಿಡುವಂತಿಲ್ಲ, ಎಂಜಿನ್ನಿಗೆ ನಮಸ್ಕಾರ ಮಾಡುವವಳಂತೆ ಬಗ್ಗಿಯೇ ಇದ್ದೆ.

"ಒಂದೂ ಇಲ್ಲಪ್ಪ, ಧೂಳು ಒರೆಸ್ತಿದೀವಿ. ಗೃಹಪ್ರವೇಶಕ್ಕೆ ಓಗ್ಬೇಕಲ್ಲ."

ಅವನು ನನ್ನ ಬೆನ್ನನ್ನು ಅನುಮಾನದಿಂದ ನೋಡಿ ಹೋದ. ಅವನ ಸ್ಕೂಟರಿನ ಸದ್ದು ಮರೆಯಾಗುವ ಮುಂಚೆಯೇ ಒಳಗೆ ಫೋನು ಬಡಿಯಿತು, ಮಾಮನದು. "ಇಲ್ಲ ತಂಬಿ, ಧೂಳು… ಊಂ, ಒಳಗ್ಲ ಧೂಳೂ ಒರೆಸ್ಬೇಕಲ್ವಾ… ನೀನು ಓಮಕ್ಕೆ ಸೌದೆ ತಂದಿದೀಯೋ ಇಲ್ವೋ ಅದ ನೋಡು" ಎಂದು ದಬಾಯಿಸಿ ಇಟ್ಟರು. ಈಚೆ ಬರುವಾಗ ಅವರ ಕೈಯಲ್ಲಿ ಒಂದು ಹಳೆಯ ಹತ್ತಿ ಸೀರೆ ಇತ್ತು, ಅವರಮ್ಮನದು. ಕೆಂಪು ಅಂಚು.

"ಒಸದಕ್ಕೆ ತಲೆ ಇಲ್ಲ, ಸರಿ. ಇದಕ್ಕೈತಲ್ಲ" ಎಂದು ಸೀರೆಯ ಅಂಚನ್ನು ಉದ್ದಕ್ಕೂ ಪರ್ರೆಂದು ಹರಿದರು.

ಅಂಚಿನ ಪಟ್ಟಿಯನ್ನು ಹಳೆಯ ಬೆಲ್ಟಿನ ಒಂದು ತುದಿಗೆ ಬಿಗಿದು, ಇನ್ನೊಂದು ತುದಿಯನ್ನು ಮೆಲ್ಲಗೆ ಎಳೆದರು. ಗಂಜಿ ಬಳಿದ ಹಳೇ ಬೆಲ್ಟು ಸರಸರ ಈಚೆಗೆ ಬಂತು, ಅದರ ಹಿಂದೆ ಕೆಂಪು ಅಂಚು ಒಂದೊಂದೇ ಚಕ್ರ ಬಳಸಿಕೊಂಡು ಒಳಗೆ ಹೋಯಿತು. ಮುಗಿದಾಗ ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಕೆಂಪು ದಾರಿ ಬರೆದಿತ್ತು, ಎಲ್ಲಿ ಚಕ್ರದ ಮೇಲೆ, ಎಲ್ಲಿ ಕೆಳಗೆ ಎಂಬುದೆಲ್ಲ ಕಾಣುವಂತೆ. ವಿಡಿಯೋದವನ ಚಿತ್ರ ಇದಕ್ಕಿಂತ ಚೆನ್ನಾಗಿರುತ್ತಿರಲಿಲ್ಲ. ಅವನ ಮಾತು ಮೊದಲೇ ಕೇಳಿದ್ದರೆ ಸೀರೆ ಉಳಿಯುತ್ತಿತ್ತು ಎಂದೆ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ಬೆಲ್ಟು ಇಡ್ಕೋ" ಎಂದರು. ಡೊಂಕು ಯಾರದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಂಚನ್ನು ಒಂದೊಂದೇ ಚಕ್ರದಿಂದ ಬಿಡಿಸುತ್ತ, ಅದರ ಜಾಡು ಹಿಡಿದು ಹೊಸ ಬೆಲ್ಟನ್ನು ಹಾಕುತ್ತ ಬಂದೆವು. ಬೆಲ್ಟಿನ ಒಂದು ಮಗ್ಗುಲಲ್ಲಿ ಗೆರೆಗಳು, ಇನ್ನೊಂದು ಮಗ್ಗುಲು ನುಣುಪು. ಚಕ್ರಗಳಲ್ಲೂ ಹಾಗೆಯೇ. "ಗೆರೆ ಗೆರೆಗೆ, ನಯ ನಯಕ್ಕೆ" ಎಂದು ದೊಡ್ಡಮ್ಮ ಹಾಡಿನಂತೆ ಹೇಳಿಕೊಳ್ಳುತ್ತಿದ್ದರು. ಕೊನೆಯ ಚಕ್ರಕ್ಕೆ ಮಾತ್ರ ಇಬ್ಬರೂ ಒದ್ದಾಡಿದೆವು. ಅವರು ಪೈಪಿನ ಮೇಲೆ ಒರಗಿ ಸ್ಪ್ರಿಂಗು ಒತ್ತಿ ಹಿಡಿದರು, ನಾನು ಬೂದಿ ಮುಟ್ಟಿದ ಬೆರಳಿನಿಂದ ಬೆಲ್ಟನ್ನು ಚಕ್ರದ ಮೇಲೆ ಏರಿಸಿದೆ. ಗೆದ್ದೆವೆಂದು ನಾನು ಕೂಗುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ಒಂದೊಂದು ಚಕ್ರದ ಅಂಚನ್ನೂ ಬೆರಳಲ್ಲಿ ಸವರಿದರು.

"ಇಲ್ಲಿ ಒಂದೆಳೆ ತಪ್ಪೈತೆ."

ನಿಜ. ಒಂದು ಚಕ್ರದ ಮೇಲೆ ಬೆಲ್ಟು ಒಂದು ಗೆರೆ ಪಕ್ಕಕ್ಕೆ ಕೂತಿತ್ತು. ಪರವಾಗಿಲ್ಲ ಬಿಡಿ ದೊಡ್ಡಮ್ಮ, ಓಡಿದರೆ ತಾನೇ ಸರಿಹೋಗುತ್ತದೆ ಎಂದೆ. ನನ್ನ ಬೆನ್ನು ಮುರಿದುಹೋಗಿತ್ತು. "ಒಂದೆಳೆ ತಪ್ಪಿದ್ರೆ ಸೀರೆ ಉದ್ದಕ್ಕೂ ಕಾಣ್ತದೆ. ಬಿಚ್ಚು" ಎಂದರು. ಬಿಚ್ಚಿ ಮತ್ತೆ ಹಾಕಿದೆವು.

ದೊಡ್ಡಮ್ಮ ಕೂತು ಕೀಲಿ ತಿರುಗಿಸಿದರು. ಸದ್ದಿಲ್ಲ. ಮತ್ತೆ ತಿರುಗಿಸಿದರು, ಕರಕರ ಎಂದು ಕಲ್ಲು ಅರೆದಂಥ ಸದ್ದು. ಆಮೇಲೆ ತಿಳಿಯಿತು, ಎಂಜಿನ್ ಆಗಲೇ ಓಡುತ್ತಿತ್ತು. ಅಷ್ಟು ಮೆತ್ತಗೆ ಓಡಿದ್ದನ್ನು ನಾವಿಬ್ಬರೂ ಎಂದೂ ಕೇಳಿರಲಿಲ್ಲ, ಅದಕ್ಕೇ ಗೊತ್ತಾಗಲಿಲ್ಲ. ದೊಡ್ಡಮ್ಮ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕರು ನಕ್ಕರು, ಹಾರನ್ ಒತ್ತಿಕೊಂಡು ಬೀದಿಯವರೆಲ್ಲ ಈಚೆ ಬರುವವರೆಗೆ ನಕ್ಕರು.

ಭಾನುವಾರ ನಾನೂ ಜೊತೆಗೆ ಹೋದೆ. ಓಮಲೂರು ದಾಟುವವರೆಗೆ ಇಬ್ಬರ ಕಿವಿಯೂ ಎಂಜಿನ್ನಿನ ಮೇಲೆ. ಕಡಯಂಪಟ್ಟಿಯ ಕಡೆಯ ಬಯಲಿನಲ್ಲಿ ಸೂರ್ಯ ಏರುತ್ತಿದ್ದ. ತೊಪ್ಪೂರು ಏರಿನಲ್ಲಿ ದೊಡ್ಡಮ್ಮ ಲಾರಿಯವರನ್ನೂ ಮಾತಾಡಿಸಲಿಲ್ಲ. ಹಿಂದಿನ ಸಲ ಛತ್ರಿ ಬಿಡಿಸಿ ಕೂತಿದ್ದ ಕಲ್ಲು ಬಂದಾಗ ಮಾತ್ರ ಅದಕ್ಕೆ ಕೈ ಬೀಸಿದರು. ಏರು ಮುಗಿದು ನಲ್ಲಂಪಳ್ಳಿಯ ಹೊಲಗಳು ಕಂಡ ಮೇಲೆ, ಉಸಿರು ಬಿಟ್ಟು, ಪಕ್ಕದ ಲಾರಿಗೆ, "ಏನಣ್ಣ, ಊಟ ಆಯ್ತಾ?" ಎಂದರು. ನನಗೆ ಆಗ ಹಸಿವೆಯಾಯಿತು.

ಕಾರಿಮಂಗಲದ ಹೊಸ ಮನೆಯ ಮುಂದೆ ಮಾಮ ರೇಷ್ಮೆ ಪಂಚೆ ಉಟ್ಟು, ಒಂದು ಕಿವಿಯನ್ನು ರಸ್ತೆಗೆ ಕೊಟ್ಟು ನಿಂತಿದ್ದರು. ಕಾರು ಸದ್ದಿಲ್ಲದೆ ಬಂದು ಅವರ ಕಾಲ ಬಳಿ ನಿಂತಿತು. ಅಕ್ಕ ಇಳಿಯುವ ಮುಂಚೆಯೇ ಬಾನೆಟ್ ಎತ್ತಿದರು.

"ಒಸ ಬೆಲ್ಟು! ಯಾರಾಕಿದ್ದು?"

"ನಾವೇ."

"ಸುಮ್ನಿರು ಅಕ್ಕ. ಮೂಲೆಯವ್ನು ಇಲ್ಲಾಂದ. ಮತ್ಯಾರು?" ಎಂದು ಇನ್ನಷ್ಟು ಬಗ್ಗಿ, ಎಂಜಿನ್ ಮೇಲಿನಿಂದ ಏನನ್ನೋ ಉಗುರಲ್ಲಿ ಕೆರೆದು ಮೂಸಿದರು. "ಇದೇನಿದು? ಅನ್ನ?"

ದೊಡ್ಡಮ್ಮ ಆಕಾಶ ನೋಡಿದರು. ನಾನು ಬಾಯಿ ಬಿಟ್ಟೆ. ಗಂಜಿ, ಕತ್ತರಿ, ತಲೆಯಿಲ್ಲದ ಬೆಲ್ಟು, ಎಲ್ಲ ಹೇಳಿದೆ. ಮಾಮ ನಗುತ್ತ ನಗುತ್ತ ರೇಷ್ಮೆ ಪಂಚೆಯ ಪರಿವೆಯಿಲ್ಲದೆ ಮೆಟ್ಟಿಲ ಮೇಲೆ ಕೂತರು. ಪುರೋಹಿತರಿಗೂ ಹೇಳಿದರು, ಅಡುಗೆಯವರಿಗೂ ಹೇಳಿದರು. ಅವತ್ತು ಸಾರು ಬಡಿಸಿದವರೆಲ್ಲ ದೊಡ್ಡಮ್ಮನ ಮುಂದೆ ನಿಂತು, "ಗಂಜಿ ಬೇಕಾ?" ಎಂದು ಕೇಳಿದರು. ಅವರು ಎಲ್ಲರಿಗೂ "ಆಕು" ಎಂದರು. ಊಟವಾದ ಮೇಲೆ ಮಾಮ ಹಿಂದಿನ ಸೀಟಿನ ಮೇಲೆ ಸುತ್ತಿಟ್ಟಿದ್ದ ಕೆಂಪು ಅಂಚಿನ ಪಟ್ಟಿಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. "ಅಮ್ಮನ ಸೀರೆ ಅಲ್ವಾ ಇದು?" ಎಂದರು. "ಸಾಕ್ಷಿಗೆ ನನ್ನತ್ರ ಇರ್ಲಿ" ಎಂದು ಜೇಬಿಗೆ ಹಾಕಿಕೊಂಡರು. ಮಾರುವ ಮಾತನ್ನು ಆಮೇಲೆ ಒಂದು ಸಲವೂ ಎತ್ತಲಿಲ್ಲ.

ದೊಡ್ಡಮ್ಮ ಆಮೇಲೆ ವರ್ಷಗಟ್ಟಲೆ ಓಡಿಸಿದರು. ನನಗೂ ಕಲಿಸಿದರು. ಕಲಿಸುವಾಗ ಅವರಿಗೆ ತಾಳ್ಮೆ ಇರಲಿಲ್ಲ, ಆದರೆ ಬಯ್ಗುಳ ಎರಡು ಭಾಷೆಯಲ್ಲಿ ಇತ್ತು. ಬೀದಿಯಲ್ಲಿ ಯಾರ ಕಾರು ಕೂಗಿದರೂ ಜಗುಲಿಯಿಂದಲೇ, "ಗಂಜಿ ಅಚ್ಚಬೇಡಿ, ನಾನು ನೋಡಿಯಾಯ್ತು!" ಎಂದು ಕೂಗುತ್ತಿದ್ದರು. ತನ್ನ ತಪ್ಪನ್ನು ಅಷ್ಟು ಸಂತೋಷದಿಂದ ಹಂಚಿದವರನ್ನು ನಾನು ಬೇರೆ ಕಂಡಿಲ್ಲ.

ಅವರು ಹೋದಾಗ ಕಾರು ಮಾರಿಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡರು. ಕರ್ಮವೆಲ್ಲ ಮುಗಿದ ಮೇಲೆ ಮಾಮ ನಮ್ಮ ಮನೆಗೆ ಬಂದರು. ತಲೆ ಬೋಳಾಗಿತ್ತು, ಮುಖ ಸಣ್ಣದಾಗಿತ್ತು. ಕೀಲಿಯನ್ನು ನನ್ನ ಕೈಯಲ್ಲಿಟ್ಟರು. "ಮಗ್ಗ ಬರಿದಾಗಕ್ಕೆ ಬಿಡ್ಬಾರ್ದು ಅಂತಿತ್ತು ಅಕ್ಕ. ನೀನು ಓಡ್ಸಮ್ಮ" ಎಂದರು.

ಅಂತೂ ಇವತ್ತು ಬೆಳಿಗ್ಗೆ ಕಾರು ಕೂಗಿತು. ನಾನು ಇಳಿದು ಬಾನೆಟ್ ಎತ್ತಿದೆ. ಮೂಲೆಯಲ್ಲಿ ಮೆಕ್ಯಾನಿಕ್ ತನ್ನ ಅಂಗಡಿಯ ಬಾಗಿಲು ತೆರೆಯುತ್ತಿದ್ದವನು ಇತ್ತ ನೋಡಿದ. ಅವನು ನೋಡಿದ ಮೇಲೆ ಏನಾಗಬೇಕೋ ಅದೇ ಆಯಿತು. ಫೋನು ಬಂತು.

"ವಂಡಿ ಕೂಗ್ತಂತೆ?" ಎಂದರು ಮಾಮ.

"ಹೂಂ ಮಾಮ. ಬೆಲ್ಟು ಸವೆದಿದೆ. ಮೂಲೆಯವರಿಗೇ ಕೊಡ್ಲಾ?"

"ಬೇಡ ಬೇಡ. ನಾನೇ ಬತ್ತಿದೀನಿ, ಅಂಚು ನನ್ನತ್ರ ಐತೆ. ನಾ ಬರೋಗಂಟ ಕತ್ತರಿ ಮುಟ್ಬೇಡ." ಸ್ವಲ್ಪ ತಡೆದು, "ಗಂಜಿಗೂ ಇಡ್ಬೇಡ" ಎಂದರು. ಆ ಕಡೆ ಅವರು ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂದರು. ಬಂದವರೇ ಅಂಗಿಯ ತೋಳು ಮಡಿಸಿ, ಕಾರಿನ ಬಾಗಿಲು ತೆರೆದು, ಗೂಡಿನಿಂದ ತಗಡಿನ ಡಬ್ಬಿ ತೆಗೆದರು. ಒಳಗಿದ್ದದ್ದು ದೊಡ್ಡಮ್ಮ ತುಂಬಿಸಿಟ್ಟ ಬೂದಿಯೇ, ನಾನು ಬದಲಿಸಿರಲಿಲ್ಲ. ಅವರು ಇನ್ನೂ ಅದನ್ನು ವಿಭೂತಿಯೆಂದೇ ತಿಳಿದಿದ್ದಾರೆ, ಈಗಲಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ಮಾಮ, ಅದು…"

"ಒಲೆ ಬೂದಿ. ಗೊತ್ತು" ಎಂದರು. "ಮೊದಲ್ನೇ ದಿನಾನೇ ಗೊತ್ತಿತ್ತು. ನಾನೂ ಅದೇ ಅಮ್ಮನ ಮಗ ಅಲ್ವಾ? ನಾನು ಬಳ್ಕಂಡು ಕಣ್ಣು ಮುಚ್ದಂಗೆ ಮಾಡ್ದಾಗೆಲ್ಲ ಅಕ್ಕ ನಿನ್ ಕಡೆ ನೋಡಿ ಕಣ್ಣು ಮಿಟುಕಿಸ್ತಿತ್ತು. ಅಷ್ಟು ಖುಷಿ ಅಕ್ಕಂಗೆ. ಅದಕ್ಕೇ ಬಳ್ಕಂತಿದ್ದೆ."

ಚಿಟಿಕೆ ಬೂದಿ ತೆಗೆದು ಹಣೆಯ ಉದ್ದಕ್ಕೂ ಎಳೆದುಕೊಂಡರು. ಉಳಿದದ್ದನ್ನು ಬೆರಳಿಗೆ ತಿಕ್ಕಿ, ಸ್ಪ್ಯಾನರಿಗೆ ಕೈ ಚಾಚಿದರು.